ಬಳೆ ತಿರುಗಿಸಿ ನೋಡುತ್ತಿದ್ದ ನರ್ಸಬಾಯಿ

ನಮ್ಮ ಬ್ಯಾಡಗಿ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸಬಾಯಿ ಹೋದ ತಿಂಗಳು ಹಾವೇರಿಯಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ. ದೊಡ್ಡವಳೇ, ನೀನು ನನ್ನ ಸೆರಗು ಜಗ್ಗಿ, "ಅಜ್ಜಿ, ಖಾರ ಹತ್ತೇತೇನು?" ಎಂದು ಕೇಳಿದೆ. ಹೌದು ಎಂದೆ. ಅದು ಸುಳ್ಳು. ನಿನಗೀಗ ನಾಲ್ಕು ವರ್ಷ, ನಿನ್ನ ತಮ್ಮ ಇನ್ನೂ ತೊಟ್ಟಿಲಲ್ಲಿದ್ದಾನೆ. ಓದಲು ಬಂದ ಮೇಲೆ ಇಬ್ಬರೂ ಓದಿಕೊಳ್ಳಲಿ ಎಂದು ಬರೆದಿಡುತ್ತಿದ್ದೇನೆ. ನಾನು ಕಾಗಿನೆಲೆ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ತಪ್ಪಿದ್ದರೆ ತಿದ್ದಿಕೊಳ್ಳಿರಿ.

ಅವರ ಹೆಸರು ಬರೆಯುವುದಿಲ್ಲ. ಯಾರಾದರೂ ಫೋಟೋ ತೆಗೆಯಲು ಬಂದರೆ ಅವರು ಮುಖಕ್ಕೆ ರಿಜಿಸ್ಟರ್ ಅಡ್ಡ ಹಿಡಿಯುತ್ತಿದ್ದರು. ಓಣಿಯವರೆಲ್ಲ ನರ್ಸಬಾಯಿ ಎನ್ನುತ್ತಿದ್ದರು, ನಾನು ಬಾಯಾರ ಎನ್ನುತ್ತಿದ್ದೆ. ಮದುವೆಯಾಗಿರಲಿಲ್ಲ. ನೀಲಿ ಅಂಚಿನ ಬಿಳಿ ಸೀರೆ, ಎಡಗೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ನಮ್ಮ ಮಾತು. ರಂಜಾನಿಗೆ ನಮಗೆ ಸುರಕುಂಬಾ, ಅಂದರೆ ಅವರ ಶಾವಿಗೆ ಪಾಯಸ, ಕೊಡುವಾಗ ಹೊಸ ಪಾತ್ರೆಯಲ್ಲಿ ತರುತ್ತಿದ್ದರು. ಒಂದು ವರ್ಷ ನಾನು, "ನಿಮ್ಮ ದಿನದ ಪಾತ್ರ್ಯಾಗ ತರ್ರಿ ಬಾಯಾರ, ನನಗೇನ ಆಗೂದೈತಿ" ಎಂದೆ. ಮುಂದಿನ ವರ್ಷ ದಿನದ ಪಾತ್ರೆಯಲ್ಲೇ ಬಂತು.

ಮಾತು ಕಡಿಮೆ. ಆದರೆ ಒಂದು ಮಾತಿಗೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಬಸುರಿ ಹೆಂಗಸಿಗೆ ಏನಾದರೂ ಆಗಿ ಮನೆಯವರು "ದೇವರ ಮನಸ್ಸಿನಾಗ ಇದ್ದಂಗ ಆಗತೈತಿ" ಎಂದರೆ ಸಾಕು, "ದೇವರ ಹೆಸರು ಆಮ್ಯಾಲ ತಗೋರಿ, ಮೊದಲ ಜೀಪ್ ತರಸ್ರಿ" ಎಂದು ಗದರುತ್ತಿದ್ದರು. ಐದು ಹೊತ್ತು ನಮಾಜು ಮಾಡುವ ಹೆಂಗಸು ಹೀಗೆನ್ನುವುದು ನನಗೆ ಮೊದಮೊದಲು ವಿಚಿತ್ರವೆನಿಸುತ್ತಿತ್ತು.

ಅವರ ಹತ್ತಿರ ಒಂದು ನೀಲಿ ಡಬ್ಬಿ ಇತ್ತು, ಮಕ್ಕಳ ಲಸಿಕೆ ಒಯ್ಯುವಂಥದ್ದು, ಹೆಗಲಿಗೆ ಹಾಕುವ ಬಿಳಿ ಪಟ್ಟಿಯದು. ಅದರಲ್ಲಿ ಅವರು ಲಸಿಕೆ ಒಯ್ಯುತ್ತಿರಲಿಲ್ಲ, ರಕ್ತ ಒಯ್ಯುತ್ತಿದ್ದರು. ಬಸುರಿನಲ್ಲಿ ರಕ್ತದ ಒತ್ತಡ ಏರಿ ಕೈಕಾಲು ಬಾತುಕೊಳ್ಳುವ ಹೆಂಗಸರ ರಕ್ತ. ನಮ್ಮ ಕಡೆ ಆ ರೋಗಕ್ಕೆ ನಂಜು ಎನ್ನುತ್ತಾರೆ. ಅದು ಯಾಕೆ ಬರುತ್ತದೆಂದು ಶೋಧ ಮಾಡುತ್ತಿದ್ದ ಒಬ್ಬ ಡಾಕ್ಟರಬಾಯಿ ಹಾವೇರಿಗೆ ಬರುತ್ತಿದ್ದರು. ಅವರಿಗೆ ಈ ಕಡೆಯ ಹಳ್ಳಿಗಳಿಂದ ರಕ್ತ ಮುಟ್ಟಿಸುವುದು ನರ್ಸಬಾಯಿಯ ಕೆಲಸ. ಸೀಸೆಗಳನ್ನು ಐಸಿನಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂಡುತ್ತಿದ್ದರು. ಒಂದು ಸಲ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ನಕ್ಕು, "ಬಾಯಾರ, ದಿನಾ ತೊಡಿ ಮ್ಯಾಲ ಕುಂದ್ರಸ್ಕೊಂಡ ಒಯ್ತೀರಿ, ಈ ಕೂಸಿಗೂ ಅರ್ಧಾ ಟಿಕೀಟ ಹರೀಲೇನ್ರಿ?" ಎಂದ.

"ಹರಿಯಪಾ," ಎಂದರು ಇವರು. "ಆದ್ರ ಗಾಡಿ ಲಗೂ ಬಿಡು. ನನ್ನ ಕೂಸಿಗೆ ಬಿಸಲ ತಡಿಯಂಗಿಲ್ಲ."

ಮೋಟೆಬೆನ್ನೂರಿನಲ್ಲಿ ಬಸ್ಸು ಬಹಳ ಹೊತ್ತು ನಿಂತರೆ ಇಳಿದು ಹೋಗಿ ಐಸ್‌ಕ್ಯಾಂಡಿಯವನ ಹತ್ತಿರ ಐಸು ಕೇಳಿ ತರುತ್ತಿದ್ದರು. ಡಬ್ಬಿ ತುಂಬಿದ್ದಾಗ ಯಾರು ಕರೆದರೂ ಚಹಾಕ್ಕೆ ನಿಲ್ಲುತ್ತಿರಲಿಲ್ಲ.

ರಕ್ತದಲ್ಲಿ ಅಂಥದ್ದೇನಿದೆ, ಅಷ್ಟು ಅವಸರ ಯಾಕೆ ಎಂದು ಒಂದು ಮಧ್ಯಾಹ್ನ ಕೇಳಿದೆ. ನಾನಾಗ ಅಂಗಳದಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತಿದ್ದೆ. ತುಂಬು ಅಂದರೆ ತೊಟ್ಟು. ನಿಮ್ಮ ಅಜ್ಜ ಹೋದ ಮೇಲೆ ನನ್ನ ಕೆಲಸ ಅದೇ. ಅವರು ನನ್ನ ಮುಂದಿನಿಂದ ಎರಡು ಕಾಯಿ ತೆಗೆದುಕೊಂಡು ಅಡಿಗೆಮನೆಗೆ ಹೋದರು. ಒಂದನ್ನು ಮುರಿದು ನೀರಿನ ಬಟ್ಟಲಿಗೆ ಹಾಕಿದರು, ಇನ್ನೊಂದನ್ನು ಬೆಚ್ಚಗಿನ ಎಣ್ಣೆಯ ಬಟ್ಟಲಿಗೆ. ಸ್ವಲ್ಪ ಹೊತ್ತಿಗೆ ಎಣ್ಣೆ ಕೆಂಪಾಯಿತು. ನೀರಿಗೆ ಬಣ್ಣ ಹತ್ತಿರಲಿಲ್ಲ.

"ನೋಡ್ರಿ ಅಕ್ಕಾರ, ಈ ಕೆಂಪು ಎಣ್ಣಿ ಜೋಡಿನ ಹೋಗತೈತಿ. ನೀರ ಕೂಡ ಹೋಗಂಗಿಲ್ಲ. ನಮ್ಮ ಮೈಯಾಗೂ ಹಂಗ. ಒಂದ ಅಂಗ ಇನ್ನೊಂದಕ್ಕ ಸುದ್ದಿ ಕಳಸ್ತೈತಿ. ಅದರಾಗ ಕೆಲವು ಸುದ್ದಿ ಕೊಬ್ಬಿನಿಂದ ಹುಟ್ಟಿದವು. ಒಂದು ಸುದ್ದಿ ರಕ್ತನಾಳಕ್ಕ 'ಸಡ್ಲ ಬಿಡು' ಅಂತೈತಿ. ಇನ್ನೊಂದು 'ಬಿಗಿ ಹಿಡಿ' ಅಂತೈತಿ. ಎರಡೂ ಸಮಾ ಇರಬೇಕು."

"ಸಮಾ ಇರದಿದ್ರ?"

"ಕೂಸಿಗೆ ಅನ್ನ ಕೊಡೂದು ಮಾಸು, ಹೌದಲ್ರಿ? ಆ ಮಾಸು ನೆಟ್ಟಗ ಬೇರು ಬಿಡಲಿಲ್ಲಂದ್ರ ಬಿಗಿ ಹಿಡಿಯೂ ಸುದ್ದಿನ ಹೆಚ್ಚಾಗತಾವ. ತಾಯಿ ನಾಳೆಲ್ಲಾ ಬಿಗೀತಾವ. ಒತ್ತಡ ಏರತೈತಿ, ನೀರು ಸೋರಿ ಕೈ, ಮಾರಿ ಬಾಯ್ತಾವ. ಇನ್ನೂ ಏರಿದ್ರ ತಲಿಗೆ ಹೋಗತೈತಿ." ಅವರು ಎಣ್ಣೆಯ ಬಟ್ಟಲು ಮುಚ್ಚಿಟ್ಟರು. "ಈ ಸುದ್ದಿ ಭಾಳ ಹೊತ್ತ ಬಾಳಂಗಿಲ್ಲ. ರಕ್ತ ಮೈಯಿಂದ ಹೊರಗ ಬಂದ ಮ್ಯಾಲ ಬಿಸಿಗೆ ಕೆಟ್ಟ ಹೋಗತಾವ. ಅದಕ್ಕ ಐಸು, ಅದಕ್ಕ ಅವಸರ."

"ಕೆಲವರಿಗಷ್ಟ ಯಾಕ ಹಿಂಗ?"

"ಅದು ಗೊತ್ತಾಗಿದ್ರ ನಾ ಯಾಕ ಡಬ್ಬಿ ಹೊತ್ತು ತಿರಗತಿದ್ದೆ?"

ಕೈ ಬಾತುಕೊಳ್ಳುವುದನ್ನು ಕಂಡುಹಿಡಿಯಲು ಅವರದೇ ಒಂದು ರೀತಿ ಇತ್ತು. ನಮ್ಮ ಕಡೆ ಕುಬಸದ ಕಾರ್ಯದಲ್ಲಿ, ಅಂದರೆ ಸೀಮಂತದಲ್ಲಿ, ಬಸುರಿಗೆ ಕೈತುಂಬ ಹಸಿರು ಗಾಜಿನ ಬಳೆ ಇಡಿಸುತ್ತಾರೆ, ಹೆರಿಗೆಯಾಗುವವರೆಗೆ ಅವನ್ನು ತೆಗೆಯುವುದಿಲ್ಲ. ಏಳನೆಯ ತಿಂಗಳಲ್ಲಿ ಸಲೀಸಾಗಿ ಏರಿದ ಬಳೆ ಎಂಟರಲ್ಲಿ ಮಣಿಕಟ್ಟಿಗೆ ಅಂಟಿಕೊಂಡರೆ ಕೈ ಬಾತಿದೆ ಎಂದೇ ಅರ್ಥ. ಅವರು ಓಣಿಯಲ್ಲಿ ಹೋಗುವಾಗ ಬಸುರಿಯರು ಕಂಡರೆ ರಸ್ತೆಯಿಂದಲೇ ಕೂಗಿ ಕೇಳುತ್ತಿದ್ದರು: "ಬಳಿ ಆಡತಾವೇನವಾ?" ಆಡುತ್ತಿಲ್ಲ ಎಂದರೆ ಒಳಗೆ ಬಂದು ಒತ್ತಡ ನೋಡುತ್ತಿದ್ದರು. ಒತ್ತಡ ಹೆಚ್ಚಿದ್ದರೆ ಬಳೆ ಒಡೆದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಕುಬಸದ ಬಳೆ ಒಡೆಯುವುದೆಂದರೆ ನಮ್ಮ ಹೆಂಗಸರಿಗೆ ಅಪಶಕುನ. ಎಷ್ಟೋ ಮನೆಯವರು ಹಿಂದಿನಿಂದ ಅವರನ್ನು ಬೈಯುತ್ತಿದ್ದರು. ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈಗ ನಿಮ್ಮ ಅವ್ವನ ಸುದ್ದಿಗೆ ಬರುತ್ತೇನೆ. ಅವಳನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದೆವು. ಬೀಗರದು ಬೀಜದ ಅಂಗಡಿ. ನಿಮಗಿಂತ ಮೊದಲು ಅವಳಿಗೆ ಒಂದು ಬಸಿರಾಗಿತ್ತು. ಇದನ್ನು ನಿಮಗೆ ಯಾರೂ ಹೇಳಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಲ್ಲಿ ಕುಬಸ ನಮ್ಮ ಮನೆಯಲ್ಲೇ ಆಯಿತು. ನಿಮ್ಮ ಅಜ್ಜ ಹೋಗಿ ಆಗ ಮೂರು ವರ್ಷ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನೋಡಿದೆ. ಮುತ್ತೈದೆಯರ ಸಾಲಿನಲ್ಲಿ ನನ್ನ ನಾದಿನಿ ಕೂತು ಎಲ್ಲ ಮಾಡಿದಳು. ಒಂದೊಂದು ಕೈಗೆ ಹನ್ನೆರಡು ಬಳೆ. ನಿಮ್ಮ ಅವ್ವ ಕೈ ಎತ್ತಿದರೆ ಆ ಸಪ್ಪಳ ಅಡಿಗೆಮನೆಗೂ ಬರುತ್ತಿತ್ತು.

ಮೂರು ವಾರದ ಮೇಲೆ ಆ ಸಪ್ಪಳ ನಿಂತಿತು. ಬಳೆಗಳು ಮಾಂಸದಲ್ಲಿ ಹೂತಂತೆ ಕೂತಿದ್ದವು. ಮುಖವೂ ಊದಿತ್ತು. ನಾದಿನಿ ಸಂತೋಷಪಟ್ಟು, "ಮೈ ತುಂಬ್ಯಾಳ ನೋಡು, ಗಂಡಾಗತೈತಿ. ಉಪ್ಪು ಬಿಡಸು, ಬಾವು ಇಳೀತೈತಿ. ದೃಷ್ಟಿ ತಗಿ" ಎಂದಳು. ಉಪ್ಪು ಬಿಡಿಸಿದೆ. ದೃಷ್ಟಿ ತೆಗೆದೆ. ಬಾವು ಇಳಿಯಲಿಲ್ಲ.

ಆ ವಾರವೆಲ್ಲ ನರ್ಸಬಾಯಿ ಹಳ್ಳಿಗಳ ತಿರುಗಾಟದಲ್ಲಿದ್ದರು. ಒಂದು ಸಂಜೆ ಹಳ್ಳಿಯಿಂದ ಬಂದು, ಡಬ್ಬಿ ಹೆಗಲಿಗೆ ಹಾಕಿಕೊಂಡೇ ಹಾವೇರಿ ಬಸ್ಸಿಗೆ ಹೊರಟವರು ನಮ್ಮ ಮನೆಯ ಕಟ್ಟೆಯ ಮುಂದೆ ನಿಂತು ಕೇಳಿದರು: "ಅಕ್ಕಾರ, ಮಗಳ ಬಳಿ ಆಡತಾವೇನ್ರಿ?"

ನಿಮ್ಮ ಅವ್ವ ನನ್ನ ಮಗ್ಗುಲಲ್ಲೇ ಕಟ್ಟೆಯ ಮೇಲೆ ಕೂತಿದ್ದಳು. ನಾನು, "ಆಡತಾವ್ರಿ" ಎಂದೆ.

ಅವರು ಒಂದು ಕ್ಷಣ ನಿಂತರು. ಆಮೇಲೆ ಗಡಿಯಾರ ನೋಡಿಕೊಂಡು ನಡೆದರು.

ಯಾಕೆ ಹಾಗೆ ಹೇಳಿದೆ ಎಂದರೆ, ಆಡುವುದಿಲ್ಲ ಎಂದಿದ್ದರೆ ಅವರು ಬಳೆ ಒಡೆಯುತ್ತಿದ್ದರು. ಮೂರು ವರ್ಷದ ಹಿಂದೆ, ನಿಮ್ಮ ಅಜ್ಜ ಹೋದಾಗ, ಅದೇ ಕಟ್ಟೆಯ ಮೇಲೆ ಓಣಿಯ ಹೆಂಗಸರು ನನ್ನ ಬಳೆ ಒಡೆದಿದ್ದರು. ಆ ಮನೆಯಲ್ಲಿ ಮತ್ತೊಮ್ಮೆ ಗಾಜು ಒಡೆಯುವ ಸಪ್ಪಳ ಕೇಳುವ ಧೈರ್ಯ ನನಗಿರಲಿಲ್ಲ. ಇಷ್ಟೇ ಕಾರಣ.

ಎರಡು ದಿನದ ಮೇಲೆ ಬೆಳಿಗ್ಗೆ ಅವಳು ತಲೆ ಸಿಡಿಯುತ್ತದೆ ಎಂದಳು, ಕಣ್ಣಿಗೆ ಮಿಂಚು ಹೊಡೆದಂತಾಗುತ್ತದೆ ಎಂದಳು. ಹಲ್ಲುಪುಡಿ ಕೈಯಲ್ಲಿದ್ದಂತೆಯೇ ಬಚ್ಚಲ ಮುಂದೆ ಬಿದ್ದು ಸೆಟೆದುಕೊಂಡಳು. ಫಿಟ್ಸು. ನಾದಿನಿ ಬೀಗದ ಕೈಗಳ ಗೊಂಚಲು ತಂದು ಅವಳ ಮುಷ್ಟಿಗೆ ತುರುಕುತ್ತ ದೇವರನ್ನು ಕೂಗಿದಳು. ಹಿಂದಿನ ರಾತ್ರಿ ತಡವಾಗಿ ಊರಿಗೆ ಬಂದಿದ್ದ ನರ್ಸಬಾಯಿ ಕೋಣೆಯಿಂದ ಬರಿಗಾಲಲ್ಲಿ ಓಡಿ ಬಂದು ಅವಳನ್ನು ಎಡಮಗ್ಗುಲಿಗೆ ಹೊರಳಿಸಿದರು. ಅವತ್ತೂ ಅದೇ ಮಾತು: "ದೇವರ ಹೆಸರು ಆಮ್ಯಾಲ! ಮೊದಲ ಜೀಪ್!" ಆಗಿನ್ನೂ ಫೋನು ಮಾಡಿದರೆ ಬರುವ ಸರಕಾರಿ ಗಾಡಿ ಇರಲಿಲ್ಲ. ಮೆಣಸಿನಕಾಯಿ ಚೀಲ ಒಯ್ಯುವ ಜೀಪಿನಲ್ಲಿ ಚೀಲ ಇಳಿಸಿ ಅವಳನ್ನು ಮಲಗಿಸಿದೆವು. ಹಾವೇರಿಯವರೆಗೂ ನರ್ಸಬಾಯಿ ಅವಳ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಆಸ್ಪತ್ರೆಯಲ್ಲಿ ಎರಡೂ ಕುಂಡಿಗೆ ದೊಡ್ಡ ಇಂಜೆಕ್ಷನ್ ಕೊಟ್ಟರು. ಸಲೈನ್ ಹಚ್ಚಲು ಬಳೆ ಒಡೆಯಲೇಬೇಕಾಯಿತು. ನಾನು ಕೇಳಬಾರದೆಂದಿದ್ದ ಸಪ್ಪಳವನ್ನು ಅಲ್ಲಿ ನಿಂತು ಇಪ್ಪತ್ನಾಲ್ಕು ಸಲ ಕೇಳಿದೆ.

ನಿಮ್ಮ ಅವ್ವ ಉಳಿದಳು. ಕೂಸು ಉಳಿಯಲಿಲ್ಲ. ಗಂಡು. ಕೂದಲು ದಟ್ಟ ಇದ್ದವು.

ಮಾಸನ್ನು ಮನೆಗೆ ತಂದು ಹಿತ್ತಲಲ್ಲಿ ಹುಗಿಯುವುದು ನಮ್ಮ ಪದ್ಧತಿ. ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ನರ್ಸಬಾಯಿ ನೀಲಿ ಡಬ್ಬಿ ಹಿಡಿದು ಗೋಡೆಗೆ ನಿಂತಿದ್ದರು. ಏನೋ ಕೇಳಲಿಕ್ಕಿದೆ ಎಂದು ಗೊತ್ತಾಯಿತು.

"ಏನ ಬೇಕ್ರಿ ಬಾಯಾರ?"

"ಕೇಳೂ ಹೊತ್ತಲ್ರಿ ಇದು."

"ಹೇಳ್ರಿ."

"ಮಾಸಿನಾಗಿನ ಒಂದು ತುಣುಕ. ಬೆರಳ ತುದಿಯಷ್ಟ. ಸುದ್ದಿ ಅಲ್ಲಿಂದನ ಹೊರಟಿರತಾವ, ಅಕ್ಕಾರ. ಡಾಕ್ಟರಬಾಯಿ ನೋಡತಾರ. ನೀವು ಬ್ಯಾಡಂದ್ರ ಬ್ಯಾಡ."

ಅವರು ಒಂದು ಕಾಗದವನ್ನು ಪೂರ್ತಿ ಓದಿ ಹೇಳಿದರು. ನಿಮ್ಮ ಅವ್ವನನ್ನೂ, ಅಷ್ಟರಲ್ಲಿ ಬಂದಿದ್ದ ನಿಮ್ಮ ಅಪ್ಪನನ್ನೂ ಕೇಳಿದರು. ಅವಳು ಮಲಗಿದಲ್ಲೇ "ಕೊಡವಾ" ಎಂದಳು. ಸಾಕ್ಷಿಯ ಜಾಗದಲ್ಲಿ ನಾನು ನನ್ನ ಹೆಸರು ಬರೆದೆ. ಉಳಿದದ್ದನ್ನು ಕೂಸಿನ ಜೊತೆಗೇ ಮಣ್ಣು ಮಾಡಿದೆವು.

ಆ ವರ್ಷದಿಂದ ನರ್ಸಬಾಯಿಯಲ್ಲಿ ಒಂದು ಬದಲಾವಣೆ ಕಂಡೆ. ಓಣಿಯಲ್ಲಿ ನಿಂತು ಯಾರನ್ನೂ ಕೇಳುವುದನ್ನು ಬಿಟ್ಟರು. ಬಸುರಿ ಕಂಡರೆ ಮೆಟ್ಟಿಲು ಹತ್ತಿ ಹೋಗಿ, ಕೈ ಹಿಡಿದು, ಎರಡು ಬೆರಳಲ್ಲಿ ಬಳೆಯನ್ನು ತಾವೇ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ಬಸ್ಸು ತಪ್ಪಿದರೆ ತಪ್ಪಲಿ. "ಬಾಯಾರ, ಬಾಯಿಲೆ ಕೇಳಿದ್ರ ಹೇಳಂಗಿಲ್ಲೇನ್ರಿ ನಾವು?" ಎಂದು ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದು ನಾನು ಅಂದುಕೊಂಡೆ.

ಎರಡು ವರ್ಷಕ್ಕೆ ನಿಮ್ಮ ಅವ್ವ ಮತ್ತೆ ಬಸುರಾದಳು. ದೊಡ್ಡವಳೇ, ಅದು ನೀನು. ನರ್ಸಬಾಯಿ ಮೂರನೆಯ ತಿಂಗಳಲ್ಲೇ ಅವಳನ್ನು ಹಾವೇರಿಯ ಡಾಕ್ಟರಬಾಯಿ ಹತ್ತಿರ ಒಯ್ದರು. ಅವರು ಪರೀಕ್ಷೆ ಮಾಡಿ ದಿನಕ್ಕೊಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಬಿಗಿ ಹಿಡಿ ಎನ್ನುವ ಸುದ್ದಿಯನ್ನು ಅದು ಕಡಿಮೆ ಮಾಡುತ್ತದಂತೆ. "ಎಲ್ಲಾರಿಗೂ ಕೊಡೂದಲ್ಲ ಇದು," ಎಂದರು ನರ್ಸಬಾಯಿ. "ಕೆಲವರಿಗೆ ಉಪಯೋಗ ಆಗತೈತಿ, ಕೆಲವರಿಗೆ ಇಲ್ಲ. ಸುಳ್ಳ ಯಾಕ ಹೇಳಲಿ? ಆದ್ರ ಒಂದಿನಾನೂ ಬಿಡಬಾರದು."

ಹದಿನೈದು ದಿನಕ್ಕೆ ರಾಣೇಬೆನ್ನೂರಿನಿಂದ ಫೋನು ಬಂತು. ನಮ್ಮ ಓಣಿಯ ಅಂಗಡಿಯವನ ಫೋನಿನಲ್ಲಿ ನಿಮ್ಮ ಅವ್ವ ಪಿಸುಗುಟ್ಟಿದಳು: "ಅವ್ವಾ, ಅತ್ತಿ ಗುಳಿಗಿ ಕಸಗೊಂಡಾರ. ಔಷಧ ಅಂಗಡ್ಯಾಗ ಕೇಳಿದ್ರಂತ, ತಲಿನೋವಿನ ಗುಳಿಗೀನ ಇದು, ಹೊಟ್ಯಾಗಿನ ಕೂಸಿಗೆ ಯಾಕ ಅಂದ್ರಂತ."

ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ದನಿ ಎತ್ತಿ ಮಾತಾಡುವುದಿಲ್ಲ. ನಾನಂತೂ ಅಲ್ಲಿ ನೀರು ಬೇಕಾದರೂ ಕೇಳಿದವಳಲ್ಲ. ಮರುದಿನ ಮೊದಲ ಬಸ್ಸಿಗೆ ಹೊರಟೆ. ಬೀಗತಿ ಬಾಗಿಲಲ್ಲೇ, "ಏನ್ರಿ ಇದು, ಕರೀಲಾರದ ಬಂದೀರಿ! ಇವತ್ತ ರಾಣೇಬೆನ್ನೂರಿಗೆ ಮಳಿ ಬರತೈತಿ" ಎಂದು ನಕ್ಕರು. ಅವರು ಕೆಟ್ಟವರಲ್ಲ. ಅವರಿಗೂ ಹೆದರಿಕೆ ಇತ್ತು.

ಏನು ಹೇಳಬೇಕೆಂದು ಬಸ್ಸಿನಲ್ಲಿ ಕಲಿತುಕೊಂಡದ್ದೆಲ್ಲ ಮರೆತುಹೋಯಿತು. ಚೀಲದಲ್ಲಿ ಅವರಿಗೆಂದು ಮೆಣಸಿನಕಾಯಿ ತಂದಿದ್ದೆ. ಎರಡು ಬಟ್ಟಲು ಕೇಳಿದೆ. ಒಂದಕ್ಕೆ ನೀರು, ಒಂದಕ್ಕೆ ಬೆಚ್ಚಗಿನ ಎಣ್ಣೆ. ಕಾಯಿ ಮುರಿದು ಹಾಕಿದೆ. ಎಣ್ಣೆ ಕೆಂಪಾದ ಮೇಲೆ ಎರಡೂ ಬಟ್ಟಲು ಅವರ ಮುಂದೆ ಸರಿಸಿದೆ.

"ಇದೇನ ಮಾಟಾ ಏನ್ರಿ?" ಎಂದರು ಬೀಗತಿ.

"ಅಲ್ರಿ. ಈ ನಂಜು ಕೊಬ್ಬಿನಾಗಿನ ಸುದ್ದಿಯಿಂದ ಬರತೈತಂತ. ನಾ ಹೋದ ಸಲ ಉಪ್ಪು ಬಿಡಿಸಿದೆ, ದೃಷ್ಟಿ ತಗದೆ. ಅದೆಲ್ಲಾ ಈ ನೀರಿದ್ದಂಗ್ರಿ. ನೋಡ್ರಿ, ಬಣ್ಣ ಮುಟ್ಟಿಲ್ಲ. ಗುಳಿಗಿ ಆ ಸುದ್ದಿಗೆ ಮುಟ್ಟತೈತಿ."

"ಏನರ ಹೆಚ್ಚುಕಮ್ಮಿ ಆದ್ರ?"

"ಹೋದ ಸಲ ಗುಳಿಗಿ ಇಲ್ಲದನ ಆತಲ್ರಿ. ನಾ ಆವಾಗ ಬಾಯಿ ಮುಚ್ಚಿಕೊಂಡೆ. ಈ ಸಲ ಮುಚ್ಚಂಗಿಲ್ಲ. ಕೊಡಾಕ ಮನಸ್ಸಿಲ್ಲಂದ್ರ ಮಗಳನ್ನ ಈಗ ಕರಕೊಂಡ ಹೊಂಡತೇನಿ."

ಬೀಗತಿ ಬಹಳ ಹೊತ್ತು ಆ ಬಟ್ಟಲುಗಳನ್ನೇ ನೋಡಿದರು. ಆಮೇಲೆ ಎದ್ದು ದೇವರ ಜಗಲಿಯ ಹಿಂದಿನಿಂದ ಗುಳಿಗೆಯ ಪಟ್ಟಿ ತಂದು ನಿಮ್ಮ ಅವ್ವನ ಮುಂದೆ ಇಟ್ಟರು. "ನಾನ ದಿನಾ ನುಂಗಸ್ತೇನಿ, ನಡೀರಿ" ಎಂದರು. ನುಂಗಿಸಿದರು ಸಹ.

ಆ ಸಲದ ಕುಬಸಕ್ಕೆ ನರ್ಸಬಾಯಿ ಬಳೆಗಾರನಿಗೆ, "ಒಂದ ಅಳತಿ ದೊಡ್ಡವು ಇಡಪಾ" ಎಂದು ಹೇಳಿದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು. "ನಾ ಊರಾಗ ಇರಲಾರದ ದಿನ ನೀವು ದಿನಾ ಬಳಿ ತಿರುಗಿಸಿ ನೋಡಬೇಕ್ರಿ."

"ನಾ ಮುಟ್ಟಬಾರದ್ರಿ ಬಾಯಾರ."

"ಯಾಕ?"

ಯಾಕೆಂದು ಅವರಿಗೆ ಗೊತ್ತಿತ್ತು. ಗಂಡ ಸತ್ತವಳು ಕುಬಸದ ಹಸಿರು ಬಳೆ ಮುಟ್ಟುವುದಿಲ್ಲ. ಅವರು ನನ್ನ ಕೈ ಹಿಡಿದು ಮಗಳ ಕೈಯ ಮೇಲೆ ಇಟ್ಟರು.

"ಮುಟ್ಟಿದ್ರ ಏನೂ ಆಗಂಗಿಲ್ಲ, ಅಕ್ಕಾರ. ಮುಟ್ಟದಿದ್ರ ಆಗತೈತಿ."

ದಿನಾ ಬೆಳಿಗ್ಗೆ ತಿರುಗಿಸಿದೆ. ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ಬಳೆ ಅರ್ಧ ಸುತ್ತಿಗೆ ನಿಂತಿತು. ನಾನೇ ಜೀಪು ತರಿಸಿದೆ. ಹಾವೇರಿಯಲ್ಲಿ ಒತ್ತಡ ಸ್ವಲ್ಪ ಏರಿದೆ ಎಂದು ಅವಳನ್ನು ಇರಿಸಿಕೊಂಡರು. ನಾಲ್ಕನೆಯ ದಿನ ನೀನು ಹುಟ್ಟಿದೆ, ಅಳುತ್ತ. ಗುಳಿಗೆಯಿಂದಲೋ, ಹೊತ್ತಿಗೆ ಹೋದದ್ದರಿಂದಲೋ, ನನಗೆ ಗೊತ್ತಿಲ್ಲ. ನರ್ಸಬಾಯಿ ನಿನ್ನನ್ನು ಎತ್ತಿಕೊಳ್ಳಲಿಲ್ಲ. ಮಾಸಿನ ತುಣುಕು ಐಸಿನಲ್ಲಿಟ್ಟು, ನಿನ್ನ ಕಾಲಿನ ಹೆಬ್ಬೆರಳು ಒಮ್ಮೆ ಹಿಡಿದು ಬಿಟ್ಟು, ಡಬ್ಬಿ ತೆಗೆದುಕೊಂಡು ಹೋದರು.

ನಿವೃತ್ತಿಯಾದ ಮೇಲೆ ಅವರು ಹಾವೇರಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಹೊಟ್ಟೆಯಲ್ಲಿ ಗಡ್ಡೆಯಾಗಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಆ ದೊಡ್ಡ ಗಡಿಯಾರ ಮೊಳಕೈಯವರೆಗೆ ಜಾರುವಷ್ಟು ಕೈ ಬಡವಾಗಿತ್ತು. ಎಲ್ಲರ ಕ್ಷೇಮ ಕೇಳಿದರು. ನಾನು ಎದ್ದು ಹೊರಟವಳು ಮತ್ತೆ ಕೂತೆ. ಅಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದೆ.

"ಬಾಯಾರ, ಆವತ್ತ ಕಟ್ಟಿ ಮುಂದ ಕೇಳಿದ್ರಲ್ಲ. ಬಳಿ ಆಡತಿದ್ದಿಲ್ರಿ. ನಾ ಸುಳ್ಳ ಹೇಳಿದೆ."

ಅವರು ಕಣ್ಣು ಮುಚ್ಚಿಕೊಂಡೇ, "ಗೊತ್ತಿತ್ರಿ" ಎಂದರು.

ನಾನು ಹಾಸಿಗೆಯ ಹತ್ತಿರ ಸರಿದು ಕೂತೆ.

"ಆಡತಾವ ಅನ್ನೂವಾಗ ನೀವು ಆಕಿ ಕೈ ನಿಮ್ಮ ಸೆರಗಿನಾಗ ಮುಚ್ಚಿದ್ರಿ. ನಾ ಅದನ್ನ ನೋಡಿದೆ. ಮೂರ ಮೆಟ್ಟಲಿದ್ದುವು, ಏರಿ ಬಂದಿದ್ರ ಮುಗೀತಿತ್ತು. ಡಬ್ಬ್ಯಾಗ ಐಸ ಕರಗಾಕತ್ತಿತ್ತು, ಬಸ್ಸಿನ ಹೊತ್ತಾಗಿತ್ತು. ಬಂದ ಮ್ಯಾಲ ನೋಡಿದ್ರಾತು ಅಂತ ಹೋದೆ." ಜಾರಿದ ಗಡಿಯಾರವನ್ನು ಮಣಿಕಟ್ಟಿಗೆ ಎಳೆದುಕೊಂಡರು. "ಸೀಸ್ಯಾಗಿನ ರಕ್ತ ಕೆಡತೈತಂತ ಓಡಿದೆ, ಅಕ್ಕಾರ. ಆವತ್ತಿಂದ ಯಾರನ್ನೂ ಬಾಯಿಲೆ ಕೇಳಲಿಲ್ಲ ನಾ."

ಆಮೇಲೆ ಅವರು ಕೈ ಚಾಚಿ ನನ್ನ ಬರಿಗೈಯನ್ನು ಹಿಡಿದರು. ಮಣಿಕಟ್ಟಿನ ಸುತ್ತ ಎರಡು ಬೆರಳನ್ನು ಮೆಲ್ಲಗೆ ತಿರುಗಿಸಿದರು, ಅಲ್ಲಿ ಬಳೆ ಇದ್ದ ಹಾಗೆ.

ಮೊನ್ನೆ ಮೆಣಸಿನಕಾಯಿ ಅಂಗಳದಲ್ಲಿ ನನ್ನ ಮುಂದೆ ಒಬ್ಬ ಬಸುರಿ ಹುಡುಗಿ ತುಂಬು ಬಿಡಿಸಲು ಕೂತಳು. ಯಾರ ಮಗಳೋ, ಯಾವ ಊರೋ. ನಾನು ಎದ್ದು ಕೈ ಒರೆಸಿಕೊಂಡು ಹೋಗಿ ಅವಳ ಕೈ ಹಿಡಿದೆ. "ಏನ ಅಜ್ಜಿ, ಏನ ಬೇಕು?" ಎಂದಳು. ನಾನು ಏನೂ ಕೇಳಲಿಲ್ಲ. ಬಳೆ ತಿರುಗಿಸಿದೆ.